ಹತ್ತಡಿ ಹನ್ನೊಂದಡಿಯ ಮಲಗುವ ಕೋಣೆ: ಸೀಮೆಸುಣ್ಣದ ಗೆರೆಯಿಂದ ಕಿಟಕಿ ಪರದೆಯವರೆಗೆ

ನಮ್ಮ ಪರಿಚಯದವರ ಮನೆಯೊಂದರಲ್ಲಿ ಬೀರುವಿನ ಎಡಗಡೆ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತದೆ. ಅಷ್ಟಕ್ಕೇ ಮಂಚ ಅಡ್ಡ. ಆ ಸಂದಿಯಲ್ಲಿ ಕೈ ತೂರಿಸಿ ಅವರು ವರ್ಷಗಳಿಂದ ಟವೆಲ್ ಹುಡುಕುತ್ತಿದ್ದಾರೆ. ಮಂಚ ಚೆನ್ನಾಗಿದೆ, ಬೀರುವೂ ಚೆನ್ನಾಗಿದೆ, ಗೋಡೆಯ ಬಣ್ಣವನ್ನಂತೂ ಬಂದವರೆಲ್ಲ ಹೊಗಳುತ್ತಾರೆ. ಮೂರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಅಂಗಡಿಯಲ್ಲಿ, ಟೇಪು ಹಿಡಿಯದೆ ಕೊಂಡರು, ಅಷ್ಟೆ.

ನಮ್ಮ ಮನೆಗಳಲ್ಲಿ ಮಲಗುವ ಕೋಣೆ ಬರೀ ಮಲಗುವುದಕ್ಕಲ್ಲ. ಮದುವೆ ಸೀರೆ, ಮನೆಪತ್ರ, ಊರಿಂದ ಬಂದವರಿಗೆ ಹಾಸುವ ಹಾಸಿಗೆ, ಸೂಟ್‌ಕೇಸು, ಕಳೆದ ವರ್ಷದ ದಸರಾ ಗೊಂಬೆಗಳ ಪೆಟ್ಟಿಗೆ ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಅದು ಒಂದು ಉಗ್ರಾಣ, ಅದರೊಳಗೊಂದು ಮಂಚ. ಹಾಗಾಗಿ ಮೊದಲು ಉಗ್ರಾಣ ಎಲ್ಲಿ, ನಡೆಯುವ ದಾರಿ ಎಲ್ಲಿ ಎಂದು ತೀರ್ಮಾನವಾಗಲಿ. ಆಮೇಲೆ ಮಂಚ. ಬಣ್ಣ, ಪರದೆ, ಚಿತ್ರಪಟ ಎಲ್ಲಕ್ಕಿಂತ ಕೊನೆಗೆ. ಬಹುಪಾಲು ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಏಕೆಂದರೆ ಬಣ್ಣದ ಪುಸ್ತಕ ತಿರುವಿಹಾಕುವುದು ಟೇಪು ಹಿಡಿದು ನೆಲದ ಮೇಲೆ ಕೂರುವುದಕ್ಕಿಂತ ಖುಷಿಯ ಕೆಲಸ.

ಉದಾಹರಣೆಗೆ ನಮ್ಮದೇ ಕೋಣೆ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಮೊದಲ ಮಹಡಿ, ಅದರ ಮೇಲೆ ತಾರಸಿ. ನೈಋತ್ಯ ಮೂಲೆಯ ಕೋಣೆ. ಪೂರ್ವ ಪಶ್ಚಿಮ 10 ಅಡಿ, ಉತ್ತರ ದಕ್ಷಿಣ 11 ಅಡಿ. ಪಶ್ಚಿಮದ ಗೋಡೆಯಲ್ಲಿ 4 ಅಡಿ ಅಗಲದ ಕಿಟಕಿ. ಪೂರ್ವದ ಗೋಡೆಯಲ್ಲಿ, ಉತ್ತರದ ತುದಿಗೆ, ಕೋಣೆಯ ಬಾಗಿಲು. ಉತ್ತರದ ಗೋಡೆಯ ಆಚೆ ಬಚ್ಚಲು. ನಿಮ್ಮ ಕೋಣೆ ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಇದೇ.

ಹಂತ 1: ಟೇಪು ಹಿಡಿಯಿರಿ, ನಕ್ಷೆಯನ್ನು ನಂಬಬೇಡಿ

ನಕ್ಷೆಯಲ್ಲಿ ಹತ್ತಡಿ ಎಂದಿದ್ದರೆ ಪ್ಲಾಸ್ಟರಿಂಗ್ ಆದ ಮೇಲೆ ಒಂದೆರಡು ಇಂಚು ಹೋಗಿರುತ್ತದೆ. ಪ್ರತಿ ಗೋಡೆಯನ್ನೂ ಮೂರು ಕಡೆ ಅಳೆಯಿರಿ: ನೆಲದಲ್ಲಿ, ಸೊಂಟದೆತ್ತರದಲ್ಲಿ, ತಲೆಯ ಮೇಲೆ. ಮೂರೂ ಒಂದೇ ಬಂದರೆ ನಿಮ್ಮ ಗಾರೆ ಮೇಸ್ತ್ರಿಗೆ ಹಾರ ಹಾಕಬೇಕು. ಬರುವುದಿಲ್ಲ. ಅತಿ ಕಡಿಮೆ ಬಂದ ಅಳತೆಯೇ ನಿಮ್ಮ ಅಳತೆ. ನೆಲದ ಅಂಚಿಗೆ ಅಂಟಿಸಿದ ಸ್ಕರ್ಟಿಂಗ್ ಟೈಲ್ಸ್ ಅರ್ಧ ಇಂಚಿನಷ್ಟು ಮುಂದೆ ಚಾಚಿರುತ್ತದೆ. ಬೀರು ಗೋಡೆಗೆ ಅಂಟಿ ನಿಲ್ಲದಿರಲು ಎಷ್ಟೋ ಸಲ ಅದೇ ಕಾರಣ.

ಕಿಟಕಿಯ ಅಗಲ, ನೆಲದಿಂದ ಅದರ ಎತ್ತರ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಸ್ವಿಚ್ ಬೋರ್ಡ್ ಎಲ್ಲೆಲ್ಲಿದೆ, ಫ್ಯಾನಿನ ಕೊಕ್ಕೆ ಎರಡು ಗೋಡೆಗಳಿಂದ ಎಷ್ಟೆಷ್ಟು ದೂರ, ಎಲ್ಲ ಬರೆದುಕೊಳ್ಳಿ. ಇಂಚಿನಲ್ಲೇ ಬರೆಯಿರಿ. ಅಡಿ ಇಂಚು ಬೆರೆಸಿದರೆ ಕೂಡಿ ಕಳೆಯುವಾಗ ತಪ್ಪುತ್ತದೆ. ಹಾಗೆಯೇ ಮೆಟ್ಟಿಲನ್ನೂ ಅಳೆದಿಡಿ. ಮೂರಡಿ ಅಗಲದ ಮೆಟ್ಟಿಲಿನ ತಿರುವಿನಲ್ಲಿ ಆರಡಿಯ ತಲೆಹಲಗೆ ತಿರುಗದೆ, ಹಗ್ಗ ಕಟ್ಟಿ ಬಾಲ್ಕನಿಯಿಂದ ಮಂಚ ಎಳೆದುಕೊಳ್ಳುವ ದೃಶ್ಯ ನಮ್ಮ ಬೀದಿಯಲ್ಲೇ ಎರಡು ಸಲ ನೋಡಿದ್ದೇನೆ. ಬಿಚ್ಚಿ ಜೋಡಿಸುವಂಥ ಮಂಚವಾದರೆ ಈ ಗೋಜಿಲ್ಲ.

ಹಂತ 2: ಗೋಡೆಯ ತೇವ ನೋಡಿ

ಇದನ್ನು ಹಂತವೆಂದು ಯಾರೂ ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಹಿಂದೆ ಇದ್ದ ಮನೆಯಲ್ಲಿ ಬಚ್ಚಲಿಗೆ ಹೊಂದಿಕೊಂಡ ಗೋಡೆಗೇ ವಾರ್ಡ್‌ರೋಬ್ ಮಾಡಿಸಿದೆ. ಕೆಲಸ ಮಾಡಿದ ಆಚಾರಿಯೂ ಏನೂ ಆಗುವುದಿಲ್ಲ ಎಂದರು. ಎರಡನೇ ಮಳೆಗಾಲಕ್ಕೆ ಕೆಳಗಿನ ಅರೆಯಲ್ಲಿದ್ದ ಅಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಬೂಷ್ಟು. ಹಲಗೆ ಕಳಚಿ ನೋಡಿದರೆ ಹಿಂಬದಿಯ ಪ್ಲೈವುಡ್ ಹಪ್ಪಳದ ಹಾಗೆ ಎದ್ದಿತ್ತು. ಗೋಡೆಯ ಆಚೆ ಬದಿಯಲ್ಲಿ ಷವರ್, ಟೈಲ್ಸಿನ ಸಂದಿಯಲ್ಲಿ ಸಣ್ಣ ಬಿರುಕು. ಅಷ್ಟೇ ಸಾಕಾಗಿತ್ತು.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೊಳಗೆ ನೀರಿದೆ. ಮಲೆನಾಡು, ಕರಾವಳಿಯವರು ಇದನ್ನು ಬೇಸಿಗೆಯಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಬಾರದು, ಆಷಾಢದಲ್ಲಿ ಮಾಡಬೇಕು. ಅಲ್ಲಿ ಮಳೆ ಹೊಡೆಯುವ ಹೊರಗೋಡೆಗೂ ಬೀರುವಿಗೂ ನಡುವೆ ಎರಡು ಇಂಚು ಬಿಡುವುದು, ಬೀರುವನ್ನು ನೆಲದಿಂದ ನಾಲ್ಕು ಇಂಚು ಎತ್ತರಿಸುವುದು ಹಳಬರಿಗೆಲ್ಲ ಗೊತ್ತಿದ್ದ ಪಾಠ.

ಈ ಕಾರಣಕ್ಕೆ ನಮ್ಮ ಕೋಣೆಯ ಉತ್ತರದ ಗೋಡೆ ಲೆಕ್ಕದಿಂದ ಹೊರಬಿತ್ತು. ಪಶ್ಚಿಮದಲ್ಲಿ ಕಿಟಕಿ. ದಕ್ಷಿಣದ ಗೋಡೆ ಮಂಚದ ತಲೆಗೆ. ಉಳಿದದ್ದು ಪೂರ್ವದ ಗೋಡೆ: ಒಟ್ಟು 132 ಇಂಚಿನಲ್ಲಿ ಬಾಗಿಲು, ಚೌಕಟ್ಟು ಎಲ್ಲ ಸೇರಿ 48 ಇಂಚು ಬಿಟ್ಟರೆ 84 ಇಂಚು, ಅಂದರೆ ಏಳಡಿ ಉದ್ದದ ಬೀರು.

ಹಂತ 3: ನೆಲದ ಮೇಲೆ ಸೀಮೆಸುಣ್ಣ

ಮೊಬೈಲಿನಲ್ಲಿ ಕೋಣೆ ತೋರಿಸುವ ಆ್ಯಪ್‌ಗಳಿವೆ. ಅವುಗಳಲ್ಲಿ ಮೊಣಕಾಲಿಗೆ ಮಂಚದ ಮೂಲೆ ತಗಲುವುದಿಲ್ಲ. ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೆ ಬೀರು, ಮಂಚ ಬರೆದು ಅದರ ನಡುವೆ ಓಡಾಡಿ. ಬೀರುವಿನ ಬಾಗಿಲು ತೆರೆದಂತೆ ನಟಿಸಿ. ಪೊರಕೆ ಹಿಡಿದು ಗುಡಿಸಿ ನೋಡಿ. ಬೆಡ್‌ಶೀಟ್ ಸಿಕ್ಕಿಸಲು ಬಗ್ಗಿ ನೋಡಿ. ಮನೆಯವರು ನಗುತ್ತಾರೆ, ನಗಲಿ.

ಲೆಕ್ಕ ಹೀಗೆ. ಕೋಣೆಯ ಅಗಲ 120 ಇಂಚು. ಬೀರುವಿನ ಆಳ 24 ಇಂಚು. ಹ್ಯಾಂಗರ್ ಸುಮಾರು 17, 18 ಇಂಚು ಅಗಲವಿರುತ್ತದೆ, ಅಂಗಿಯ ತೋಳು, ಬಾಗಿಲ ದಪ್ಪ ಸೇರಿದರೆ ಇದಕ್ಕಿಂತ ಕಡಿಮೆ ಮಾಡಲಾಗದು. ಜಾರುವ ಬಾಗಿಲಾದರೆ ಎರಡು ಹಳಿಗಳಿಗೆ ಇನ್ನೂ ಎರಡು ಮೂರು ಇಂಚು ಕೊಡಬೇಕು. ಉಳಿಯಿತು 96.

ಕಿಂಗ್ ಸೈಜಿನ ಹಾಸಿಗೆ 72 ಇಂಚು ಅಗಲ, ಮಂಚದ ಪಟ್ಟಿ ಸೇರಿ 74 ಅಥವಾ 76. ಎರಡೂ ಬದಿಗೆ ಹತ್ತತ್ತು ಇಂಚು ಉಳಿದೀತು. ಅಲ್ಲಿ ಬೆಕ್ಕು ಓಡಾಡಬಹುದು. ಕ್ವೀನ್ ಸೈಜು 60 ಇಂಚು, ತೆಳು ಪಟ್ಟಿಯ ಮಂಚವಾದರೆ 62. ಉಳಿದ 34 ಇಂಚನ್ನು ಸಮವಾಗಿ ಹಂಚಿದರೆ ಬದಿಗೆ 17 ಇಂಚು. ನೋಡಲು ಅಂದ, ಆದರೆ 18 ಇಂಚಿನ ಬೀರು ಬಾಗಿಲು ತೆರೆಯದು. ನಮ್ಮ ಪರಿಚಯದವರ ಒಂದು ಗೇಣಿನ ಕಥೆ ಹುಟ್ಟಿದ್ದು ಇಲ್ಲೇ. ಹಾಗಾಗಿ ಬೀರುವಿನ ಕಡೆ 24, ಕಿಟಕಿಯ ಕಡೆ 10 ಎಂದು ಹಂಚಿದೆವು. ಕಿಟಕಿಯ ಕಡೆ ಮಲಗುವವರು ಕಾಲ ಬುಡದಿಂದ ಹತ್ತಬೇಕು. ರಾತ್ರಿ ನಾಲ್ಕು ಸಲ ಏಳುವವರಿಗೆ ಬೀರುವಿನ ಬದಿ. ಈ ವಿಷಯವನ್ನು ಮದುವೆಯಾದ ಹೊಸತರಲ್ಲೇ ಮಾತಾಡಿಕೊಳ್ಳುವುದು ಕ್ಷೇಮ.

ಆ 10 ಇಂಚು ವ್ಯರ್ಥವಲ್ಲ. ತಾರಸಿಯ ಕೆಳಗಿನ ಮನೆಯಲ್ಲಿ ಏಪ್ರಿಲ್ ಸಂಜೆ ಪಶ್ಚಿಮದ ಗೋಡೆ ಮುಟ್ಟಿದರೆ ದೋಸೆ ಕಾವಲಿ. ಹಾಸಿಗೆ ಅದಕ್ಕೆ ತಾಗದಿರುವುದೇ ಒಳ್ಳೆಯದು.

ಉದ್ದದ ಲೆಕ್ಕ ಸಲೀಸು: 132 ಇಂಚಿನಲ್ಲಿ ತಲೆಹಲಗೆ ಸೇರಿ ಮಂಚಕ್ಕೆ 81, ಕಾಲ ಬುಡದಲ್ಲಿ 51 ಇಂಚು ತೆರಪು. ಕೋಣೆಯ ನಿಜವಾದ ಅಂಗಳ ಅದೇ. ಇಸ್ತ್ರಿ, ಮಗುವಿನ ಆಟ, ಸೂಟ್‌ಕೇಸ್ ತುಂಬುವುದು ಎಲ್ಲ ಅಲ್ಲಿ. ಅಲ್ಲಿ ಕುರ್ಚಿ ಇಡುವ ಆಸೆ ಬಂದರೆ ಅದುಮಿಕೊಳ್ಳಿ. ಮಲಗುವ ಕೋಣೆಯ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಅರ್ಧ ಕೊಳೆಯಾದ ಬಟ್ಟೆಗಳು ಕೂರುತ್ತವೆ. ಬಾಗಿಲ ಹಿಂದೆ ನಾಲ್ಕು ಗಟ್ಟಿ ಕೊಕ್ಕೆ ಸಾಕು.

ತಲೆ ಯಾವ ದಿಕ್ಕಿಗೆ? ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆ ಗಣಪತಿಗೆ ಬಂದ ಕಥೆ ಕೇಳಿ ಬೆಳೆದ ಯಾರೂ ನಮ್ಮಲ್ಲಿ ಉತ್ತರಕ್ಕೆ ದಿಂಬು ಇಡುವುದಿಲ್ಲ. ವಾಸ್ತು ಬಗ್ಗೆ ನನಗೆ ವಾದವೂ ಇಲ್ಲ, ಆವೇಶವೂ ಇಲ್ಲ. ಮನೆಯ ಹಿರಿಯರು ನೆಮ್ಮದಿಯಾಗಿ ಮಲಗಿದರೆ ಅದೇ ಕಾರಣ ಸಾಕು. ಇಲ್ಲಿ ದಕ್ಷಿಣಕ್ಕೆ ತಲೆ ಬಂತು, ಇಂಚಿನ ಲೆಕ್ಕಕ್ಕೂ ಒಪ್ಪಿತು. ಎರಡೂ ಜಗಳವಾಡುವ ಕೋಣೆಯಲ್ಲಿ ಪೂರ್ವಕ್ಕೆ ತಲೆ ಹಾಕುವ ದಾರಿ ಇದ್ದೇ ಇದೆ.

ಹಂತ 4: ಫ್ಯಾನು, ತಂತಿ, ಸ್ವಿಚ್ಚು

ಇದು ಬಣ್ಣಕ್ಕೂ ಬಡಗಿ ಕೆಲಸಕ್ಕೂ ಮೊದಲು ಮುಗಿಯಬೇಕು. ಗೋಡೆ ಕೊರೆದು ಪೈಪು ಹೂಳಿದ ಮೇಲೆ ಪುಟ್ಟಿ ಹಚ್ಚಿದರೆ ಗಾಯ ಕಾಣುವುದಿಲ್ಲ.

ಫ್ಯಾನಿನ ಕೊಕ್ಕೆಯನ್ನು ಚಾವಣಿ ಹಾಕುವಾಗಲೇ ಕೋಣೆಯ ನಟ್ಟನಡುವೆ ಕೂರಿಸಿರುತ್ತಾರೆ. ಆಗ ಬೀರು ಯಾರ ತಲೆಯಲ್ಲೂ ಇರುವುದಿಲ್ಲ. ನಮ್ಮ ಕೋಣೆಯಲ್ಲಿ ಕೊಕ್ಕೆ ಪಶ್ಚಿಮದ ಗೋಡೆಯಿಂದ 60 ಇಂಚಿಗಿದೆ. ಸಾಮಾನ್ಯ 1200 ಎಂಎಂ ಫ್ಯಾನಿನ ರೆಕ್ಕೆ ಸುತ್ತುವುದು 48 ಇಂಚಿನ ವೃತ್ತ, ಅಂದರೆ ಅದು 84ನೇ ಇಂಚಿನವರೆಗೆ ಬರುತ್ತದೆ. ಬೀರುವಿನ ಮುಖ 96ನೇ ಇಂಚಿನಲ್ಲಿ. ಬೀರುವಿನ ಮೇಲಿನ ಲಾಫ್ಟಿಗೆ, ಅಂದರೆ ಅಟ್ಟದ ಗೂಡಿಗೆ, 18 ಇಂಚಿನ ಬಾಗಿಲು ಇಟ್ಟು ತೆರೆದರೆ ಅದು 78ನೇ ಇಂಚಿಗೆ ಬಂದು ರೆಕ್ಕೆಗೆ ಬಡಿಯುತ್ತದೆ. ಫ್ಯಾನು ನಿಂತಿದ್ದರೆ ಬಾಗಿಲಿಗೆ ಗೀರು, ತಿರುಗುತ್ತಿದ್ದರೆ ಸ್ಟೂಲಿನ ಮೇಲೆ ನಿಂತವರಿಗೆ ಅಪಾಯ. ಲಾಫ್ಟಿನ ಬಾಗಿಲನ್ನು ಒಂದಡಿಗಿಂತ ಕಿರಿದು ಮಾಡಿ, ಇಲ್ಲವೆ ಜಾರುವಂತೆ ಮಾಡಿ, ಇಲ್ಲವೆ ಕೊಕ್ಕೆಯನ್ನೇ ಮಂಚದ ಕಡೆಗೆ ಸರಿಸಿ. ಸರಿಸುವುದಾದರೆ ಕಾಂಕ್ರೀಟಿಗೆ ಹಿಡಿಯುವ ಆಂಕರ್ ಬೋಲ್ಟ್ ಹಾಕಿಸಬೇಕು, ಚಾವಣಿಯ ಅಲಂಕಾರಕ್ಕೆ ಹಾಕುವ ಪಿಒಪಿ ಹಲಗೆಗೆ ಫ್ಯಾನು ತೂಗಿಸುವ ಸಾಹಸ ಬೇಡ. ರೆಕ್ಕೆ ನೆಲದಿಂದ ಎಂಟಡಿಯಷ್ಟಾದರೂ ಮೇಲಿರಲಿ. ಹೊಸ ಫ್ಯಾನು ಕೊಳ್ಳುವುದಾದರೆ ಬಿಎಲ್‌ಡಿಸಿ ಎಂಬ ಮೋಟಾರಿನದನ್ನು ನೋಡಿ: ಹಳೆಯದು 70, 75 ವ್ಯಾಟ್ ಎಳೆಯುವಲ್ಲಿ ಇದು 30 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ, ಯುಪಿಎಸ್ ಮೇಲೂ ಹೆಚ್ಚು ಹೊತ್ತು ತಿರುಗುತ್ತದೆ.

ಮಂಚದ ಎರಡೂ ಬದಿಗೆ, ನೆಲದಿಂದ ಎರಡೂಕಾಲು ಅಡಿ ಎತ್ತರದಲ್ಲಿ, ಒಂದು ಸಾಕೆಟ್ಟು ಮತ್ತು ಟೂ ವೇ ಸ್ವಿಚ್ಚು. ಬಾಗಿಲಲ್ಲಿ ಹಾಕಿದ ದೀಪವನ್ನು ಮಲಗಿದಲ್ಲೇ ಆರಿಸುವ ಸುಖಕ್ಕೆ ಸ್ವಲ್ಪ ತಂತಿಯಷ್ಟೇ ಖರ್ಚು. ಸಾಕೆಟ್ಟು ತಲೆಹಲಗೆಯ ಹಿಂದೆ ಮುಚ್ಚಿಹೋಗದಂತೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೂ ಮಂಚದ ಗಡಿ ಬರೆದುಬಿಡಿ. ಎಸಿ ಈಗ ಬೇಡ ಎನಿಸಿದರೂ 16 ಆಂಪಿಯರ್ ಪಾಯಿಂಟು, ನೀರು ಹೋಗುವ ಪೈಪಿನ ದಾರಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬೇಡವಾದೀತು, ಕಲಬುರಗಿಯಲ್ಲಿ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಹಂತ 5: ಬೀರುವಿನ ಹೊಟ್ಟೆ

ಮೊದಲು ಎಣಿಸಿ. ಮಡಿಸಿಡುವ ಸೀರೆ ಎಷ್ಟು, ನೇತುಹಾಕುವ ಅಂಗಿ ಎಷ್ಟು, ಉದ್ದ ಕುರ್ತಾ ಎಷ್ಟು, ಹೊದಿಕೆ ಎಷ್ಟು. ಎಣಿಸದೆ ಮಾಡಿಸಿದ ಬೀರುವಿನಲ್ಲಿ ಕೋಟು ತೂಗುವ ಐದಡಿ ಜಾಗ ಖಾಲಿ ಇದ್ದು ಪಕ್ಕದ ಅರೆಯಿಂದ ಸೀರೆ ಉದುರುತ್ತಿರುತ್ತದೆ. ಅಂಗಿಗೆ 40 ಇಂಚು ಎತ್ತರ ಸಾಕು, ಉದ್ದ ಉಡುಪಿಗೆ 60 ಬೇಕು. ಸೀರೆಯ ಅರೆಗಳ ನಡುವೆ 10, 12 ಇಂಚಿಗಿಂತ ಹೆಚ್ಚು ಎತ್ತರ ಬಿಡಬೇಡಿ. ಬಿಟ್ಟರೆ ಇಪ್ಪತ್ತು ಸೀರೆ ಪೇರಿಸುತ್ತೀರಿ, ಬೇಕಾದದ್ದು ಯಾವಾಗಲೂ ತಳದಲ್ಲಿರುತ್ತದೆ. ಮೈಸೂರು ರೇಷ್ಮೆಯಂಥ ಜರಿ ಸೀರೆಗಳಿಗೆ ಹಳೆಯ ಹತ್ತಿ ಪಂಚೆಯ ಹೊದಿಕೆ ಇರಲಿ. ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಬಿರಿಯುತ್ತದೆ.

ಪ್ಲೈವುಡ್ ಬಗ್ಗೆ. ಹಾಳೆಯ ಮೇಲೆ ಐಎಸ್ 303 ಎಂದಿದ್ದರೆ ಸಾಧಾರಣ ಬಳಕೆಯದು, ಐಎಸ್ 710 ಎಂದಿದ್ದರೆ ನೀರು ತಡೆಯುವ ಮರೈನ್ ದರ್ಜೆ. ಒಣ ಊರಿನಲ್ಲಿ ಇಡೀ ಬೀರುವಿಗೆ 710 ಹಾಕಿಸುವುದು ದುಡ್ಡು ದಂಡ. ತಳಭಾಗಕ್ಕೆ ಮಾತ್ರ ಹಾಕಿಸಿ. ತೀರ್ಥಹಳ್ಳಿ, ಮಡಿಕೇರಿ, ಮಂಗಳೂರಿನ ಕಡೆ ಪೂರ್ತಿ ಹಾಕಿಸಿದರೂ ತಪ್ಪಿಲ್ಲ. ಚೌಕಟ್ಟು, ಅರೆ, ಬಾಗಿಲು 18 ಎಂಎಂ ಇರಲಿ. ಬಾಗಿಲಿನ ಹೊರಗೆ ಲ್ಯಾಮಿನೇಟ್ ಅಂಟಿಸಿ ಒಳಗೆ ಬರೀ ಬಣ್ಣ ಬಳಿದರೆ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ಎರಡೂ ಬದಿಗೆ ಅಂಟಿಸಬೇಕು, ಒಳಗಿನದು ತೆಳುವಾದರೂ ಪರವಾಗಿಲ್ಲ.

ಕೂಲಿ ಚದರಡಿಯ ಲೆಕ್ಕ. ಚದರಡಿ ಎಂದರೆ ಬೀರುವಿನ ಮುಖದ ವಿಸ್ತೀರ್ಣ ಮಾತ್ರ: ನಮ್ಮದು 7 ಅಡಿ ಉದ್ದ, 7 ಅಡಿ ಎತ್ತರ, 49. ಲಾಫ್ಟು 7ಕ್ಕೆ 2, 14. ಒಟ್ಟು 63 ಚದರಡಿ. ಇಬ್ಬರು ಒಂದೇ ದರ ಹೇಳಿದರೂ ಒಬ್ಬರ ಅರೆ 12 ಎಂಎಂ ಇರಬಹುದು, ಇನ್ನೊಬ್ಬರ ಲೆಕ್ಕದಲ್ಲಿ ಡ್ರಾಯರ್ ಸೇರಿಲ್ಲದಿರಬಹುದು, ಹಿಡಿ ಮತ್ತು ಬೀಗ ಬೇರೆ ಎನ್ನಬಹುದು. ಬಾಯಿಮಾತು ಬೇಡ, ಪ್ರತಿಯೊಂದರ ದಪ್ಪವನ್ನೂ ಬರೆಸಿಕೊಳ್ಳಿ. ಹಿಡಿಗೆ ನನ್ನ ಆಯ್ಕೆ ಚನ್ನಪಟ್ಟಣದ ಅರಗಿನ ಗುಬ್ಬಿಗಳು, ಅಂದರೆ ದುಂಡು ಹಿಡಿಗಳು. ಆಲೆ ಮರದಲ್ಲಿ ಕಡೆದವು. ಬೂದು ಬಣ್ಣದ ಬೀರುವಿಗೆ ಹಳದಿ, ಕೆಂಪು ಗುಬ್ಬಿ ಕೂತರೆ ಕೋಣೆಗೆ ಬೇರೆ ಅಲಂಕಾರ ಅರ್ಧ ಬೇಡ.

ಕೆಲಸ ಮುಗಿದ ಮೇಲೆ ಅಂಟಿನ ವಾಸನೆ ಕಣ್ಣು ಉರಿಸುತ್ತದೆ. ಬೀರುವಿನ ಬಾಗಿಲು, ಕಿಟಕಿ ತೆರೆದು ಎರಡು ಮೂರು ವಾರ ಗಾಳಿಯಾಡಲಿ. ಗೃಹಪ್ರವೇಶದ ಹಿಂದಿನ ರಾತ್ರಿ ಬಡಗಿ ಕೆಲಸ ಮುಗಿಸಿ ಅಲ್ಲೇ ಕೂಸು ಮಲಗಿಸಬೇಡಿ.

ಹಂತ 6: ಮಂಚ, ಹಾಸಿಗೆ

ಹಾಸಿಗೆಯ ಅಳತೆ ಗೊತ್ತಾಗದೆ ಮಂಚ ಮಾಡಿಸಬೇಡಿ. ಅಂಗಡಿಯಲ್ಲಿ 72, 75, 78 ಇಂಚು ಉದ್ದದ ಮೂರೂ ಹಾಸಿಗೆಗಳನ್ನು ಕ್ವೀನ್ ಎಂದೇ ಮಾರುತ್ತಾರೆ. ಆಚಾರಿ ರೂಢಿಯಂತೆ ಆರಡಿಗೆ ಮಂಚ ಮಾಡಿಟ್ಟು, ನೀವು 78ರ ಹಾಸಿಗೆ ತಂದರೆ ಅದು ದೋಣಿಯ ಹಾಗೆ ನಿಲ್ಲುತ್ತದೆ.

ಎತ್ತರ: ಹಾಸಿಗೆಯ ಮೇಲ್ಭಾಗ ನೆಲದಿಂದ 18ರಿಂದ 20 ಇಂಚು. ಎಂಟು ಇಂಚಿನ ಹಾಸಿಗೆಯಾದರೆ ಮಂಚದ ಹಲಗೆ 12 ಇಂಚಿಗೆ ನಿಲ್ಲಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ಇದಕ್ಕಿಂತ ತಗ್ಗು ಬೇಡ. ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚ ಬೇಕೆ? ಜಾಗವಿಲ್ಲದ ಬೆಂಗಳೂರಿನಲ್ಲಿ ಬೇಕಾಗಬಹುದು. ಹಾಗಿದ್ದರೆ ಹೈಡ್ರಾಲಿಕ್ ಒಳ್ಳೆಯದು, ಏಕೆಂದರೆ ಪಕ್ಕಕ್ಕೆ ಎಳೆಯುವ ಡ್ರಾಯರಿಗೆ ನಮ್ಮ 24 ಇಂಚಿನ ಓಣಿಯಲ್ಲಿ ನಿಂತು ಬಗ್ಗಲು ಆಗದು. ಮಳೆನಾಡಿನಲ್ಲಿ ಕಾಲಿನ ಮಂಚವೇ ಸರಿ. ಕೆಳಗೆ ಗಾಳಿ ಆಡಬೇಕು, ಪೊರಕೆ ಆಡಬೇಕು. ಮರದ್ದಾದರೆ ತೇಗ, ಹೊನ್ನೆ, ಹಲಸು. ಊರಲ್ಲಿ ಬಿದ್ದ ಹಲಸಿನ ಮರವಿದ್ದರೆ ಚೆನ್ನಾಗಿ ಒಣಗಿಸಿ ಕೊಯ್ಯಿಸಿ ಮಾಡಿಸಿದ ಮಂಚ ಮೊಮ್ಮಕ್ಕಳವರೆಗೆ ಬರುತ್ತದೆ. ವರ್ಷ ಕಳೆದಂತೆ ಅದರ ಹಳದಿ ಕಂದಾಗುವುದನ್ನು ನೋಡುವುದೇ ಒಂದು ಸಂತೋಷ.

ಹಾಸಿಗೆ ಅವರವರ ಬೆನ್ನಿಗೆ ಬಿಟ್ಟದ್ದು. ಅಂಗಡಿಯಲ್ಲಿ ಸಂಕೋಚಪಡದೆ ಚಪ್ಪಲಿ ಬಿಟ್ಟು ಹತ್ತು ನಿಮಿಷ ಮಗ್ಗುಲಾಗಿ ಮಲಗಿ. ತೆಂಗಿನ ನಾರಿನದು ಗಟ್ಟಿ, ಸೆಕೆ ಕಡಿಮೆ. ಫೋಮು ಮೆತ್ತಗೆ, ಬೇಸಿಗೆಯಲ್ಲಿ ಬೆನ್ನು ಬೆವರುತ್ತದೆ. ಹತ್ತಿಯ ಹಾಸಿಗೆಯನ್ನು ನಾನಿನ್ನೂ ಬಿಟ್ಟಿಲ್ಲ. ಗಂಟು ಕಟ್ಟಿದಾಗ ಪಿಂಜಾರರು ಹತ್ತಿ ಬಿಡಿಸಿ ಹಿಂಜಿ ಮತ್ತೆ ತುಂಬಿಕೊಟ್ಟರೆ ಹೊಸದಾಗುತ್ತದೆ, ಫೋಮಿಗೆ ಈ ಪುನರ್ಜನ್ಮ ಇಲ್ಲ. ಬೂರುಗದ ಹತ್ತಿ ದಿಂಬಿಗೆ ಚೆನ್ನ.

ಹಂತ 7: ಬಣ್ಣ, ಬೆಳಕು, ಬಟ್ಟೆ

ಪುಟ್ಟಿ, ಪ್ರೈಮರ್, ಒಂದು ಕೋಟು ಬಣ್ಣ ಬಡಗಿ ಬರುವುದಕ್ಕೆ ಮೊದಲು. ಕೊನೆಯ ಕೋಟು ಅವರು ಹೋದ ಮೇಲೆ. ಬಣ್ಣವನ್ನು ಕಾರ್ಡು ನೋಡಿ ಆರಿಸಬೇಡಿ. ಸಣ್ಣ ಡಬ್ಬಿ ತಂದು ಎರಡಡಿ ಚೌಕಕ್ಕೆ ಬಳಿದು ಬೆಳಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಪಶ್ಚಿಮದ ಕಿಟಕಿಯ ಸಂಜೆಬಿಸಿಲಿಗೆ ಕೆನೆ ಬಣ್ಣ ಕಿತ್ತಳೆಯಾಗುತ್ತದೆ. ತಲೆಯ ಹಿಂದಿನ ಗೋಡೆಗೆ ಒರೆಸಿದರೆ ಹೋಗುವಂಥ ಎಮಲ್ಷನ್ ಕಡ್ಡಾಯ. ಕೊಬ್ಬರಿ ಎಣ್ಣೆ ಹಚ್ಚುವ ಮನೆಯಲ್ಲಿ ಒರಗಿ ಕೂತ ತಲೆಗಳ ವೃತ್ತಾಕಾರದ ಕಲೆ ಒಂದೇ ವರ್ಷದಲ್ಲಿ ಮೂಡುತ್ತದೆ. ಬಟ್ಟೆ ಹೊದಿಸಿದ ತಲೆಹಲಗೆ ಫೋಟೋದಲ್ಲಿ ಚೆಂದ, ಎಣ್ಣೆ ಅದಕ್ಕೂ ಹಿಡಿಯುತ್ತದೆ. ಮರದ್ದು ಮೇಲು.

ಬಲ್ಬಿನ ಪೆಟ್ಟಿಗೆಯ ಮೇಲೆ 3000 ಕೆಲ್ವಿನ್ ಎಂದಿರುವುದನ್ನು ಮಲಗುವ ಹೊತ್ತಿಗೆ, 6500 ಎಂದಿರುವ ಬಿಳಿ ಬೆಳಕನ್ನು ಬೀರುವಿನ ಎದುರು ಇಡಿ. ಹಳದಿ ಬೆಳಕಿನಲ್ಲಿ ಕಪ್ಪು ಮತ್ತು ನೇರಳೆ ಸಾಕ್ಸ್ ಬೇರೆ ಮಾಡಲಾಗದು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸುವಾಗ ತೊಳೆಯಲು ಬಿಚ್ಚುವಂತಿರಲಿ.

ನೆಲಕ್ಕೆ, ಆ 51 ಇಂಚಿನ ಅಂಗಳಕ್ಕೆ, ನವಲಗುಂದದ ಜಮಖಾನ ಒಂದು ಹಾಸಿ. ಹತ್ತಿಯದು, ನವಿಲಿನ ಚಿತ್ತಾರದ್ದು ಸಿಕ್ಕರೆ ಬಿಡಬೇಡಿ. ಮಂಚದ ಕಾಲ ಬುಡಕ್ಕೆ ಉತ್ತರ ಕರ್ನಾಟಕದ ಕೌದಿ ಮಡಿಸಿಟ್ಟರೆ ಅಲಂಕಾರವೂ ಆಯಿತು, ಬೆಳಗಿನ ಜಾವದ ಚಳಿಗೂ ಆಯಿತು. ಗೋಡೆಗೆ ಒಂದು ತಿಂಗಳು ಮೊಳೆ ಹೊಡೆಯಬೇಡಿ. ಮಲಗಿದಾಗ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅಲ್ಲಿಗೆ ಒಂದೇ ಒಂದು ಚಿತ್ರ.

ಪರದೆಗೆ ಹಳೆಯ ಹತ್ತಿ ಸೀರೆ ಸಾಕು. ಪರದೆ ಚೆನ್ನಾಗಿ ನೆರಿಗೆ ಬೀಳಲು ಕಿಟಕಿಯ ಎರಡರಷ್ಟು ಬಟ್ಟೆ ಬೇಕು: 4 ಅಡಿಯ ಕಿಟಕಿಗೆ 8 ಅಡಿ. ಐದೂವರೆ ಮೀಟರಿನ ಸೀರೆ ಎಂದರೆ 18 ಅಡಿ, ಅಗಲ ಸುಮಾರು 45 ಇಂಚು. ಏಳೇಳು ಅಡಿಯ ಎರಡು ತುಂಡು ಮಾಡಿ ಅಕ್ಕಪಕ್ಕ ನೇತುಹಾಕಿದರೆ ಏಳೂವರೆ ಅಡಿ ಅಗಲ ಬಂತು, ನೆರಿಗೆ ಸಾಕಷ್ಟು. ಸರಳನ್ನು ಚೌಕಟ್ಟಿಗಿಂತ ನಾಲ್ಕೈದು ಇಂಚು ಮೇಲೆ, ಎರಡೂ ಬದಿಗೆ ಆರಿಂಚು ಹೊರಗೆ ಹಾಕಿ. ಸಂಜೆಬಿಸಿಲು ತಡೆಯಲು ಹಿಂಬದಿಗೆ ಗಾಢ ಬಣ್ಣದ ದಪ್ಪ ಅಸ್ತರಿ ಹೊಲಿಸಿ. ಉಳಿದ ನಾಲ್ಕಡಿಯಲ್ಲಿ ಸೆರಗು ಇರುವಂತೆ ಕತ್ತರಿಸಿದರೆ ಎರಡು ದಿಂಬಿನ ಚೀಲಕ್ಕೆ ಆಗುತ್ತದೆ. ನಮ್ಮ ದರ್ಜಿ ಅದರಲ್ಲೇ ಟೇಬಲ್ ಫ್ಯಾನಿಗೊಂದು ಟೋಪಿಯನ್ನೂ ಹೊಲಿದುಕೊಟ್ಟರು.